ಫ್ರೇಮ್ ಇರುವ ಟ್ರೆಕ್ಕಿಂಗ್ ಬ್ಯಾಗ್: ಆರಿಸುವುದರಿಂದ ಹೊಂದಿಸುವವರೆಗೆ

ದೊಡ್ಡ ಬ್ಯಾಗ್ ಕೊಂಡವರ ದೂರು ಬಹುಪಾಲು ಒಂದೇ: ಎರಡು ಗಂಟೆ ನಡೆಯುವಷ್ಟರಲ್ಲಿ ಹೆಗಲು ಕಿತ್ತುಬರುತ್ತದೆ. ಬ್ಯಾಗ್ ಒಳ್ಳೆಯ ಕಂಪನಿಯದೇ, ಬೆಲೆಯೂ ಕಡಿಮೆಯೇನಲ್ಲ. ಸೊಂಟದ ಬೆಲ್ಟನ್ನೂ ಹಾಕಿಕೊಂಡಿರುತ್ತಾರೆ, ಆದರೆ ಹೊಕ್ಕುಳಿನ ಮೇಲೆ. ಅಲ್ಲಿ ಭಾರ ಹೊರುವ ಮೂಳೆಯೇ ಇಲ್ಲ. ಬೆಲ್ಟು ಹೊಟ್ಟೆಯನ್ನು ಒತ್ತುತ್ತದೆ, ಉಸಿರು ಕಟ್ಟಿದಂತಾಗುತ್ತದೆ, ಸಡಿಲಿಸುತ್ತಾರೆ. ಹದಿನಾಲ್ಕು ಕಿಲೋ ಪೂರ್ತಿ ಹೆಗಲಿಗೆ ಬರುತ್ತದೆ.

ಈ ಮಾರ್ಗದರ್ಶಿಯಲ್ಲಿರುವ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲು ಬೆನ್ನು ಅಳೆಯಬೇಕು, ಆಮೇಲೆ ಹೊರೆ ತೂಗಬೇಕು, ಬ್ಯಾಗ್ ನೋಡುವುದು ಕೊನೆಗೆ. ಬಹಳ ಮಂದಿ ಬಣ್ಣ, ಲೀಟರ್, ಆಫರ್ ನೋಡಿ ಮೊದಲು ಬ್ಯಾಗ್ ತರುತ್ತಾರೆ, ಬೆನ್ನನ್ನು ಆಮೇಲೆ ಅದಕ್ಕೆ ಒಗ್ಗಿಸಲು ನೋಡುತ್ತಾರೆ. ಬೆನ್ನು ಒಗ್ಗುವುದಿಲ್ಲ.

ಬೇಕಾಗುವ ಸಾಮಾನು: ದರ್ಜಿಯ ಟೇಪು, 30 ಸೆಂ.ಮೀ. ಸ್ಟೀಲ್ ಸ್ಕೇಲು, ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ, ಒಂದು ಲೀಟರಿನ ಹತ್ತು ಹನ್ನೆರಡು ನೀರಿನ ಬಾಟಲಿ, ಒಂದು ಮಾರ್ಕರ್ ಪೆನ್ನು, ಮತ್ತು ಅಳೆಯಲು ಜೊತೆಗೊಬ್ಬರು.

## ಶುರುವಿಗೆ ಮುಂಚೆ: ಫ್ರೇಮ್ ಬೇಕೇ ಬೇಕೇ?

ಎಲ್ಲ ಟ್ರೆಕ್ಕಿಗೂ ಬೇಡ. ಕುದುರೆಮುಖ ಒಂದೇ ದಿನದಲ್ಲಿ ಹತ್ತಿ ಇಳಿಯುವ ಚಾರಣ, ಅಲ್ಲಿ ರಾತ್ರಿ ಟೆಂಟ್ ಹಾಕುವಂತಿಲ್ಲ. ಕುಮಾರಪರ್ವತದ ಶಿಖರದಲ್ಲೂ ತಂಗುವಂತಿಲ್ಲ. ದಾರಿಯಲ್ಲಿ ಸಿಗುವ ಭಟ್ಟರ ಮನೆಯಲ್ಲಿ ಊಟ ಮಾಡಿ ಹೋಗುವವರಿಗೆ ನೀರು, ಬುತ್ತಿ, ಜರ್ಕಿನ್ ಹಿಡಿಸುವ 25–30 ಲೀಟರಿನ ಚೀಲ ಸಾಕು. ಇಂಥ ದಾರಿಗೆ 60 ಲೀಟರ್ ಹೊತ್ತವರು ಖಾಲಿ ಜಾಗ ಕಂಡು ಬೇಡದ್ದನ್ನೆಲ್ಲ ತುಂಬುತ್ತಾರೆ.

ಹೊರೆ 9–10 ಕಿಲೋ ದಾಟಿದ ಮೇಲೆ ಫ್ರೇಮಿನ ಪ್ರಶ್ನೆ ಏಳುತ್ತದೆ. ಟೆಂಟು, ಸ್ಲೀಪಿಂಗ್ ಬ್ಯಾಗು, ನಾಲ್ಕು ದಿನದ ಆಹಾರ ನೀವೇ ಹೊರಬೇಕಾದ ಹಿಮಾಲಯದ ದಾರಿಗಳಲ್ಲಿ, 4,270 ಮೀಟರಿನ ಹಂಪ್ಟಾ ಪಾಸ್ ಇರಲಿ, 5,319 ಮೀಟರಿನ ಪಿನ್ ಪಾರ್ವತಿ ಇರಲಿ, ಫ್ರೇಮ್ ಇಲ್ಲದೆ ಆಗದು. ಟ್ರೆಕ್ಕಿಂಗ್ ಸಂಸ್ಥೆಯ ಜೊತೆ ಹೋಗುತ್ತೀರಿ, ಟೆಂಟು ಅಡುಗೆ ಅವರದ್ದು ಎಂದಾದರೆ 45–50 ಲೀಟರಿನ, ಹಗುರ ಫ್ರೇಮಿನ ಬ್ಯಾಗ್ ಸಾಕು.

ಫ್ರೇಮಿನ ಕೆಲಸ ಇಷ್ಟೇ: ಬ್ಯಾಗಿನ ಭಾರವನ್ನು ಕುಸಿಯಗೊಡದೆ ಸೊಂಟದ ಬೆಲ್ಟಿಗೆ ಇಳಿಸುವುದು. ಬೆಲ್ಟು ಅದನ್ನು ಸೊಂಟದ ಮೂಳೆಗೆ ಕೊಡುತ್ತದೆ, ಅಲ್ಲಿಂದ ಭಾರ ಕಾಲಿಗೆ ಇಳಿಯುತ್ತದೆ. ಸರಿಯಾಗಿ ಹೊಂದಿಸಿದ ಬ್ಯಾಗಿನಲ್ಲಿ ಸುಮಾರು ಶೇ. 70–80ರಷ್ಟು ಭಾರ ಸೊಂಟದಲ್ಲಿರುತ್ತದೆ. ಭುಜದ ಪಟ್ಟಿಗಳು ಬ್ಯಾಗ್ ಹಿಂದಕ್ಕೆ ವಾಲದಂತೆ ಹಿಡಿದುಕೊಳ್ಳುತ್ತವೆ, ಅಷ್ಟೇ.

## ಹಂತ 1: ಬೆನ್ನಿನ ಅಳತೆ ತೆಗೆಯಿರಿ

ಆರಡಿ ಎತ್ತರದವರಿಗೆ ದೊಡ್ಡ ಸೈಜು ಎಂಬುದು ತಪ್ಪು ಲೆಕ್ಕ. ಒಬ್ಬರಿಗೆ ಕಾಲು ಉದ್ದ, ಒಬ್ಬರಿಗೆ ಬೆನ್ನು ಉದ್ದ. ಐದಡಿ ಐದಿಂಚಿನವರ ಬೆನ್ನು ಐದಡಿ ಹತ್ತಿಂಚಿನವರ ಬೆನ್ನಿಗಿಂತ ಉದ್ದ ಇರುವುದುಂಟು.

ತಲೆ ಮುಂದಕ್ಕೆ ಬಾಗಿಸಿ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ಮೂಳೆ ಎದ್ದು ಕೈಗೆ ಸಿಗುತ್ತದೆ. ಅಂಗಿಯ ಕಾಲರಿನ ಹತ್ತಿರದ ಆ ಗುಬುಟೇ ಅಳತೆಯ ಮೇಲಿನ ತುದಿ. ಈಗ ಎರಡೂ ಕೈ ಸೊಂಟದ ಪಕ್ಕಕ್ಕಿಟ್ಟು ಕೆಳಕ್ಕೆ ಒತ್ತಿ, ಮೂಳೆಯ ಅಂಚು ಸಿಗುವವರೆಗೆ. ಹೆಬ್ಬೆರಳು ಹಿಂದಕ್ಕೆ, ಉಳಿದ ಬೆರಳು ಮುಂದಕ್ಕೆ. ಎರಡು ಹೆಬ್ಬೆರಳ ನಡುವೆ ಬೆನ್ನುಮೂಳೆಯ ಮೇಲೆ ಎಳೆದ ಅಡ್ಡಗೆರೆಯೇ ಕೆಳಗಿನ ತುದಿ. ನೆಟ್ಟಗೆ ನಿಂತು, ಬೆನ್ನಿನ ಡೊಂಕನ್ನು ಅನುಸರಿಸಿ ಟೇಪು ಹಿಡಿಸಿ ಅಳೆಯಿಸಿ.

ಇಲ್ಲಿ ಆಗುವ ದೊಡ್ಡ ತಪ್ಪು ಪ್ಯಾಂಟಿನ ಬೆಲ್ಟು ಇರುವ ಜಾಗವನ್ನೇ ಸೊಂಟ ಎಂದುಕೊಳ್ಳುವುದು. ಈಗಿನ ಪ್ಯಾಂಟುಗಳು ಸೊಂಟದ ಮೂಳೆಯ ಅಂಚಿಗಿಂತ ನಾಲ್ಕು ಬೆರಳು ಕೆಳಗೆ ಕೂರುತ್ತವೆ. ಅಲ್ಲಿಗೆ ಅಳೆದರೆ ಒಂದು ಸೈಜು ದೊಡ್ಡ ಬ್ಯಾಗ್ ಬರುತ್ತದೆ.

ಸಾಮಾನ್ಯವಾಗಿ 38–43 ಸೆಂ.ಮೀ. ಚಿಕ್ಕ ಸೈಜು, 43–48 ಮಧ್ಯಮ, 48–53 ದೊಡ್ಡದು. ಕಂಪನಿಯಿಂದ ಕಂಪನಿಗೆ ಎರಡು ಮೂರು ಸೆಂಟಿಮೀಟರ್ ಆಚೀಚೆ ಇರುವುದರಿಂದ ಅವರವರ ಪಟ್ಟಿಯನ್ನೇ ನೋಡಿ. ಎರಡು ಸೈಜಿನ ಗಡಿಯಲ್ಲಿದ್ದರೆ ಬೆನ್ನಿನ ಉದ್ದ ಬದಲಿಸಬಹುದಾದ ಬ್ಯಾಗನ್ನೇ ತೆಗೆದುಕೊಳ್ಳಿ.

ಸೊಂಟದ ಸುತ್ತಳತೆಯನ್ನೂ ಬರೆದಿಟ್ಟುಕೊಳ್ಳಿ, ಅದೇ ಮೂಳೆಯ ಅಂಚಿನ ಮೇಲೆ ಟೇಪು ಸುತ್ತಿ. ಸಣಕಲು ಮೈಯವರಿಗೆ ಇದು ಬೆನ್ನಿನ ಅಳತೆಯಷ್ಟೇ ಮುಖ್ಯ, ಕಾರಣ ಮೂರನೇ ಹಂತದಲ್ಲಿದೆ.

## ಹಂತ 2: ಹೊರೆ ತೂಗಿ, ಆಮೇಲೆ ಲೀಟರ್ ನಿರ್ಧರಿಸಿ

ಸಾಮಾನೆಲ್ಲ ನೆಲದ ಮೇಲೆ ಹರಡಿ ಒಂದೊಂದನ್ನೂ ತೂಗಿ ಬರೆಯಿರಿ. ಇಬ್ಬರು ಸೇರಿ ಒಂದು ಟೆಂಟು ಹೊರುವ ನಾಲ್ಕು ದಿನದ ಟ್ರೆಕ್ಕಿಗೆ ಒಬ್ಬರ ಲೆಕ್ಕ ಹೆಚ್ಚುಕಡಿಮೆ ಹೀಗಿರುತ್ತದೆ:

- ಟೆಂಟಿನ ಅರ್ಧ ಪಾಲು: 1.2 ಕಿಲೋ
- ಸ್ಲೀಪಿಂಗ್ ಬ್ಯಾಗು: 1.5
- ಮ್ಯಾಟು: 0.5
- ಬಟ್ಟೆ, ಬೆಚ್ಚನೆಯ ಜಾಕೆಟ್ಟು: 2
- ಆಹಾರ, ದಿನಕ್ಕೆ 650 ಗ್ರಾಂ: 2.6
- ನೀರು, ಎರಡು ಲೀಟರ್: 2
- ಸ್ಟೋವು, ಗ್ಯಾಸು, ಪಾತ್ರೆ: 1
- ಮಳೆಯ ಅಂಗಿ ಪ್ಯಾಂಟು: 0.5
- ಔಷಧಿ, ಟಾರ್ಚು, ಪವರ್ ಬ್ಯಾಂಕು: 0.9
- ಬ್ಯಾಗಿನ ಸ್ವಂತ ತೂಕ: 1.8

ಒಟ್ಟು 14 ಕಿಲೋ. ದೇಹದ ತೂಕದ ಐದನೇ ಒಂದು ಪಾಲು ಆರಾಮ, ನಾಲ್ಕನೇ ಒಂದು ಪಾಲು ಮಿತಿ ಎಂದಿಟ್ಟುಕೊಳ್ಳಿ. 65 ಕಿಲೋದವರಿಗೆ ಇದು 13ರಿಂದ 16 ಕಿಲೋ, ಪರವಾಗಿಲ್ಲ. 55 ಕಿಲೋದವರಿಗೆ ಮಿತಿಯೇ 13.75, ಹಾಗಾಗಿ ಅವರು ಏನಾದರೂ ತೆಗೆಯಲೇಬೇಕು. ತೆಗೆಯುವಾಗ ಔಷಧಿಗೂ ಮಳೆಯ ಅಂಗಿಗೂ ಕೈಹಾಕಬೇಡಿ, ಬಟ್ಟೆಯ ಗಂಟು ಬಿಚ್ಚಿ. ನಾಲ್ಕು ದಿನಕ್ಕೆ ನಾಲ್ಕು ಟೀ ಶರ್ಟ್ ತುಂಬುವುದು ನಮ್ಮವರ ಹಳೆಯ ಚಾಳಿ, ಎರಡು ಸಾಕು.

ಲೀಟರಿನ ಲೆಕ್ಕಕ್ಕೆ: ಟೆಂಟು ಸಮೇತ ಎರಡು ಮೂರು ದಿನಕ್ಕೆ 50–55, ನಾಲ್ಕೈದು ದಿನಕ್ಕೆ 55–65, ಹಿಮದ ಚಳಿಗೆ ದಪ್ಪ ಬಟ್ಟೆಯೊಂದಿಗೆ 65–75. ಅನುಮಾನವಿದ್ದರೆ ಸಾಮಾನನ್ನೆಲ್ಲ ಅಕ್ಕಿಮೂಟೆಯಂಥ ದೊಡ್ಡ ಚೀಲವೊಂದಕ್ಕೆ ತುಂಬಿ, ಅದನ್ನು ಹೊತ್ತೊಯ್ದು ಅಂಗಡಿಯ ಬ್ಯಾಗಿಗೆ ಸುರಿದು ನೋಡಿ. ಅಂಗಡಿಯವರು ಬೇಡ ಎಂದರೆ ಬೇರೆ ಅಂಗಡಿ ನೋಡಿ.

## ಹಂತ 3: ಅಂಗಡಿಯಲ್ಲಿ ಫ್ರೇಮನ್ನು ಪರೀಕ್ಷಿಸಿ

ಆನ್‌ಲೈನಿನಲ್ಲಿ "60 ಲೀಟರ್ ರಕ್‌ಸ್ಯಾಕ್" ಎಂದು ಎರಡು ಸಾವಿರದೊಳಗೆ ಸಿಗುವ ಬಹುಪಾಲು ಚೀಲಗಳಲ್ಲಿ ಫ್ರೇಮ್ ಹೆಸರಿಗೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಅಥವಾ ಫೋಮ್ ತುಂಡು ಇರುತ್ತದೆ. ನಿಜವಾದ ಫ್ರೇಮ್ ಮೂರು ಬಗೆ. ಬೆನ್ನುದ್ದಕ್ಕೂ ಇಳಿಯುವ ಒಂದೋ ಎರಡೋ ಅಲ್ಯೂಮಿನಿಯಂ ಪಟ್ಟಿ, ಸಾಮಾನ್ಯವಾಗಿ ಗಟ್ಟಿ ಪ್ಲಾಸ್ಟಿಕ್ ಹಾಳೆಯ ಜೊತೆಗೆ. ಬೆನ್ನಿನ ಸುತ್ತ ಚೌಕಟ್ಟಿನಂತೆ ಬರುವ ಕಂಬಿ. ಚೀಲದ ಹೊರಗೇ ಕಾಣುವ ಕೊಳವೆಯ ಫ್ರೇಮ್, ಇದು ನಮ್ಮ ಅಂಗಡಿಗಳಲ್ಲಿ ಅಪರೂಪ, ಕಾಡುದಾರಿಯಲ್ಲಿ ಬಳ್ಳಿ ಪೊದೆಗೆ ಸಿಕ್ಕಿಕೊಳ್ಳುವುದರಿಂದ ನಮಗೆ ಬೇಕಾಗಿಯೂ ಇಲ್ಲ.

ಈ ನಾಲ್ಕು ಪರೀಕ್ಷೆ ಅಂಗಡಿಯಲ್ಲೇ ಮಾಡಿ, ಐದು ನಿಮಿಷದ ಕೆಲಸ.

ಒತ್ತಿ ನೋಡುವುದು. ಖಾಲಿ ಬ್ಯಾಗನ್ನು ನೆಲಕ್ಕೂರಿ ಮೇಲಿನ ತುದಿಯನ್ನು ಎರಡೂ ಕೈಯಲ್ಲಿ ಕೆಳಕ್ಕೆ ಒತ್ತಿ. ಸ್ವಲ್ಪ ಬಾಗಿ ತಡೆದುಕೊಂಡರೆ ಸರಿ. ನಡು ಮಡಚಿ ಕುಸಿದರೆ ಅದು ಕಾಲೇಜು ಬ್ಯಾಗು, ಉದ್ದ ಮಾತ್ರ ಜಾಸ್ತಿ.

ಬೆಲ್ಟನ್ನು ಎಳೆದು ನೋಡುವುದು. ಬೆಲ್ಟಿನ ಎರಡು ರೆಕ್ಕೆ ಹಿಡಿದು ಜಗ್ಗಿ. ಫ್ರೇಮಿನ ಕೆಳತುದಿ ಅದರ ಜೊತೆಗೇ ಬರಬೇಕು. ಬಟ್ಟೆ ಮಾತ್ರ ಎಳೆದುಕೊಂಡು ಬಂದರೆ ಬೆಲ್ಟು ಫ್ರೇಮಿಗೆ ಸೇರಿಲ್ಲ, ಭಾರ ಸೊಂಟಕ್ಕೆ ಇಳಿಯುವ ದಾರಿಯೇ ಇಲ್ಲ.

ಲೋಡ್ ಲಿಫ್ಟರ್. ಭುಜದ ಪಟ್ಟಿಯ ಮೇಲ್ಭಾಗದಿಂದ ಬ್ಯಾಗಿನ ತುದಿಗೆ ಹೋಗುವ ಎರಡು ಸಣ್ಣ ಪಟ್ಟಿಗಳಿವು. ಎಳೆದರೆ ಇಡೀ ಬ್ಯಾಗಿನ ತಲೆ ಮುಂದಕ್ಕೆ ಬರಬೇಕು. ಬಟ್ಟೆ ಮಾತ್ರ ಸುಕ್ಕುಗಟ್ಟಿದರೆ ಅವು ಅಲಂಕಾರಕ್ಕೆ.

ಬೆಲ್ಟಿನ ಅಂತರ. ಬೆಲ್ಟು ಬಿಗಿದಾಗ ಎರಡೂ ಕಡೆಯ ಮೆತ್ತೆಯ ತುದಿಗಳ ನಡುವೆ 8ರಿಂದ 15 ಸೆಂ.ಮೀ. ಖಾಲಿ ಉಳಿಯಬೇಕು. ಮೆತ್ತೆಗಳು ಒಂದಕ್ಕೊಂದು ತಾಗಿದರೆ ಇನ್ನು ಬಿಗಿಯಲು ಜಾಗವಿಲ್ಲ. ಸಣ್ಣ ನಡುವಿನವರು ಇಲ್ಲೇ ಸೋಲುವುದು. ನಾಲ್ಕು ದಿನ ನಡೆದರೆ ಸೊಂಟ ಇನ್ನೂ ಒಂದು ಬೆರಳು ಇಳಿಯುತ್ತದೆ ಎಂಬುದೂ ನೆನಪಿರಲಿ.

ಬೆನ್ನಿಗೆ ಜಾಲರಿ ಬಿಗಿದು ಗಾಳಿಯಾಡಲು ಸಂದು ಬಿಟ್ಟ ಬ್ಯಾಗುಗಳ ಬಗ್ಗೆ ಒಂದು ಮಾತು. ಬೆವರಿಗೆ ಚೆನ್ನ, ಕರಾವಳಿಯ ಸೆಕೆಗೆ ಇನ್ನೂ ಚೆನ್ನ. ಆದರೆ ಆ ಸಂದು ಇಡೀ ಹೊರೆಯನ್ನು ಬೆನ್ನಿನಿಂದ ನಾಲ್ಕೈದು ಸೆಂಟಿಮೀಟರ್ ಹಿಂದಕ್ಕೆ ತಳ್ಳುತ್ತದೆ. ಹತ್ತು ಕಿಲೋ ತನಕ ಗೊತ್ತಾಗುವುದಿಲ್ಲ. ಹದಿನೈದಕ್ಕೆ ಹಿಂದಕ್ಕೆ ಎಳೆದಂತಾಗುತ್ತದೆ. ಭಾರದ ಟ್ರೆಕ್ಕಿಗೆ ಬೆನ್ನಿಗೆ ಅಂಟಿ ಕೂರುವ ಬ್ಯಾಗೇ ಮೇಲು, ಬೆವರು ಸಹಿಸಿಕೊಳ್ಳಿ.

ಹೆಂಗಸರಿಗೆಂದು ಮಾಡಿದ ಬ್ಯಾಗುಗಳಲ್ಲಿ ಬಣ್ಣದಾಚೆಗೂ ವ್ಯತ್ಯಾಸವಿದೆ: ಬೆಲ್ಟು ಹೆಚ್ಚು ಓರೆಯಾಗಿರುತ್ತದೆ, ಭುಜದ ಪಟ್ಟಿ ಕಿರಿದಾಗಿ ಎದೆಯನ್ನು ಬಳಸಿ ಹೋಗುತ್ತದೆ. ನಡು ಸಣ್ಣಗಿದ್ದು ಸೊಂಟ ಅಗಲವಿರುವ ಯಾರಿಗಾದರೂ ಈ ಬೆಲ್ಟು ಒಪ್ಪುತ್ತದೆ.

## ಹಂತ 4: ಬೆನ್ನಿನ ಉದ್ದ ಹೊಂದಿಸಿ

ಈ ಹಂತವನ್ನು ಖಾಲಿ ಬ್ಯಾಗಿನಲ್ಲಿ ಮಾಡಿದರೆ ಮಾಡದಂತೆಯೇ. ಮೊದಲು ಎಂಟು ಹತ್ತು ಬಾಟಲಿ ನೀರು ತುಂಬಿ, ಸುತ್ತ ಹೊದಿಕೆ ತುರುಕಿ, ಅಲುಗಾಡದಂತೆ ಮಾಡಿ.

ಹೆಚ್ಚಿನ ಬ್ಯಾಗುಗಳಲ್ಲಿ ಭುಜದ ಪಟ್ಟಿಗಳ ಬುಡ ಮೇಲೆ ಕೆಳಗೆ ಜರುಗುತ್ತದೆ. ಕೆಲವಕ್ಕೆ ಏಣಿಯಂಥ ಕುಣಿಕೆಗಳು, ಕೆಲವಕ್ಕೆ ವೆಲ್ಕ್ರೋ. ವೆಲ್ಕ್ರೋ ಇದ್ದರೆ ಕೈಯಿಂದ ಕಿತ್ತಾಡಬೇಡಿ. ಸ್ಟೀಲ್ ಸ್ಕೇಲನ್ನು ಎರಡು ಪದರದ ನಡುವೆ ಪೂರ್ತಿ ತೂರಿಸಿ, ಅದರ ಮೇಲೆ ಪಟ್ಟಿಯನ್ನು ಬೇಕಾದಲ್ಲಿಗೆ ಜಾರಿಸಿ, ಸ್ಕೇಲು ಎಳೆದು ಗಟ್ಟಿಯಾಗಿ ಒತ್ತಿ.

ಗುರಿ: ಬೆಲ್ಟು ಸರಿಯಾದ ಜಾಗದಲ್ಲಿ ಬಿಗಿದಾಗ ಭುಜದ ಪಟ್ಟಿಯ ಬುಡ ಕತ್ತಿನ ಗುಬುಟಿನಿಂದ ನಾಲ್ಕೈದು ಸೆಂ.ಮೀ. ಕೆಳಗೆ ಬರಬೇಕು. ಅಲ್ಲಿಂದ ಪಟ್ಟಿ ಹೆಗಲನ್ನು ಎಲ್ಲೂ ಸಂದಿಲ್ಲದೆ ಅಪ್ಪಿ ಮುಂದಕ್ಕೆ ಬರಬೇಕು. ಪಕ್ಕದಿಂದ ಒಂದು ಫೋಟೊ ತೆಗೆಸಿ, ಕನ್ನಡಿಗಿಂತ ಅದು ಚೆನ್ನಾಗಿ ತೋರಿಸುತ್ತದೆ.

ಹೆಗಲ ಮೇಲೆ ಪಟ್ಟಿ ಎದ್ದು ನಿಂತು ಸಂದು ಕಣ್ಣಿಗೇ ಕಂಡರೆ, ಲಿಫ್ಟರ್‌ಗಳು ಚಪ್ಪಟೆಯಾಗಿ ಮಲಗಿದ್ದರೆ, ಉದ್ದ ಹೆಚ್ಚಾಗಿದೆ, ಪಟ್ಟಿಯನ್ನು ಕೆಳಗಿಳಿಸಿ. ಪಟ್ಟಿಯ ಬುಡ ಬೆನ್ನಿನಲ್ಲಿ ತೀರಾ ಕೆಳಗಿದ್ದು ಹೆಗಲನ್ನು ಕೆಳಕ್ಕೆ ಜಗ್ಗುತ್ತಿದ್ದರೆ, ಬೆಲ್ಟು ಮೇಲಕ್ಕೆ ಹೊಕ್ಕುಳ ಕಡೆ ಏರುತ್ತಿದ್ದರೆ, ಉದ್ದ ಸಾಲದು, ಮೇಲಕ್ಕೇರಿಸಿ. ಲಿಫ್ಟರ್ 45 ಡಿಗ್ರಿ ಹತ್ತಿರ ಓರೆಯಾಗಿದ್ದರೆ ಒಳ್ಳೆಯದು, 30ರಿಂದ 60ರೊಳಗೆ ಎಲ್ಲಿದ್ದರೂ ನಡೆಯುತ್ತದೆ. ಸರಿಹೋದ ಮೇಲೆ ಆ ಜಾಗಕ್ಕೆ ಮಾರ್ಕರಿನಲ್ಲಿ ಗೆರೆ ಹಾಕಿಡಿ. ಒಗೆಯಲು ಬಿಚ್ಚಿದಾಗ ಮತ್ತೆ ಹುಡುಕಬೇಕಾಗುವುದಿಲ್ಲ.

ಅಲ್ಯೂಮಿನಿಯಂ ಪಟ್ಟಿ ಹೊರತೆಗೆಯುವಂತಿದ್ದರೆ ಅದನ್ನು ನಿಮ್ಮ ಬೆನ್ನಿಗೆ ಬಗ್ಗಿಸಿಕೊಳ್ಳಬಹುದು. ತೆಗೆದು ಬೆನ್ನುದ್ದಕ್ಕೆ ಹಿಡಿಸಿ, ಎಲ್ಲಿ ಸಂದು ಬಿಡುತ್ತದೆ ನೋಡಿಸಿ. ಮಂಡಿಯ ಮೇಲಿಟ್ಟು ಸ್ವಲ್ಪ ಸ್ವಲ್ಪವೇ ಬಗ್ಗಿಸಿ, ಪ್ರತಿಸಲ ಹಿಡಿದು ನೋಡಿ. ಒಂದೇ ಜಾಗದಲ್ಲಿ ಆಚೆಗೂ ಈಚೆಗೂ ಬಗ್ಗಿಸುತ್ತಾ ಹೋದರೆ ಲೋಹ ಅಲ್ಲೇ ಬಿರಿಯುತ್ತದೆ. ಸ್ಪ್ರಿಂಗ್ ಸ್ಟೀಲಿನ ಕಂಬಿ ಮತ್ತು ಕಾರ್ಬನ್ ಕಡ್ಡಿಗಳನ್ನು ಮುಟ್ಟಲೇಬೇಡಿ. ಮೊದಲನೆಯದು ಬಗ್ಗುವುದಿಲ್ಲ, ಎರಡನೆಯದು ಮುರಿಯುತ್ತದೆ.

## ಹಂತ 5: ಹಾಕಿಕೊಳ್ಳುವ ಕ್ರಮ

ಇಡೀ ವಿಷಯದಲ್ಲಿ ಒಂದನ್ನೇ ಕಲಿಯುವುದಾದರೆ ಇದನ್ನು ಕಲಿಯಿರಿ. ಪ್ರತಿ ಸಲ, ಟೀ ಕುಡಿಯಲು ಇಳಿಸಿ ಮತ್ತೆ ಹೊತ್ತಾಗಲೂ, ಇದೇ ಕ್ರಮ.

1. ಎಲ್ಲ ಪಟ್ಟಿಗಳನ್ನೂ ಸಡಿಲಿಸಿ: ಭುಜ, ಲಿಫ್ಟರ್, ಬೆಲ್ಟು, ಎದೆ.

2. ಹೊತ್ತುಕೊಂಡು ಸ್ವಲ್ಪ ಮುಂದಕ್ಕೆ ಬಾಗಿ, ಹೆಗಲು ಕುಣಿಸಿ ಬ್ಯಾಗನ್ನು ಒಂದಿಷ್ಟು ಮೇಲಕ್ಕೆ ಹಾರಿಸಿ.

3. ಬೆಲ್ಟಿನ ಮೆತ್ತೆಯ ನಡುಭಾಗ ಸರಿಯಾಗಿ ಸೊಂಟದ ಮೂಳೆಯ ಅಂಚಿನ ಮೇಲೆ ಕೂರಲಿ, ಅರ್ಧ ಮೇಲೆ ಅರ್ಧ ಕೆಳಗೆ. ಬಕಲ್ ಹೊಕ್ಕುಳ ಕೆಳಗೆ ಬರುತ್ತದೆ. ಗಟ್ಟಿಯಾಗಿ ಬಿಗಿಯಿರಿ. ಹೊಟ್ಟೆ ಇರುವವರು ಬೆಲ್ಟನ್ನು ಮುಂದೆ ಹೊಟ್ಟೆಯ ಕೆಳಗಿಂದ ತರಬೇಕು. ಹೊಟ್ಟೆಯ ಮೇಲೆ ಕಟ್ಟಿದರೆ ಹತ್ತು ನಿಮಿಷದಲ್ಲಿ ಜಾರುತ್ತದೆ.

4. ಈಗ ನೆಟ್ಟಗೆ ನಿಂತು ಭುಜದ ಪಟ್ಟಿಗಳನ್ನು ಕೈಯಿಂದ ಮೇಲೆತ್ತಿ ನೋಡಿ. ಹೆಗಲ ಮೇಲೆ ಏನೂ ಇಲ್ಲದಿದ್ದರೂ ಬ್ಯಾಗ್ ಸೊಂಟದ ಮೇಲೆ ನಿಂತಿರಬೇಕು. ಜಾರಿದರೆ ಮೂರಕ್ಕೆ ವಾಪಸ್ ಹೋಗಿ, ಮುಂದೆ ಹೋಗಬೇಡಿ.

5. ಭುಜದ ಪಟ್ಟಿಗಳನ್ನು ಕೆಳಕ್ಕೂ ಹಿಂದಕ್ಕೂ ಎಳೆಯಿರಿ, ಹೆಗಲಿಗೆ ತಾಗುವವರೆಗೆ ಮಾತ್ರ. ಸಂದು ಕಾಣಬಾರದು, ಆದರೆ ತೂರಿಸಿದರೆ ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು.

6. ಲಿಫ್ಟರ್ ಎಳೆಯಿರಿ. ಬ್ಯಾಗಿನ ತಲೆ ಹತ್ತಿರ ಬಂದ ಹಾಗೆ ಅನ್ನಿಸಿದ ಕೂಡಲೇ ನಿಲ್ಲಿಸಿ. ಹೆಚ್ಚು ಎಳೆದರೆ ಪಟ್ಟಿ ಹೆಗಲಿನಿಂದ ಎದ್ದು ಕಂಕುಳಿನ ಮುಂಭಾಗವನ್ನು ಒತ್ತುತ್ತದೆ.

7. ಬೆಲ್ಟಿನ ಪಕ್ಕದಿಂದ ಬ್ಯಾಗಿನ ಬುಡಕ್ಕೆ ಹೋಗುವ ಸಣ್ಣ ಪಟ್ಟಿಗಳಿದ್ದರೆ ಅವನ್ನೂ ಬಿಗಿಯಿರಿ. ಬ್ಯಾಗಿನ ಬುಡ ಆಚೀಚೆ ತೂಗಾಡುವುದು ನಿಲ್ಲುತ್ತದೆ.

8. ಎದೆ ಪಟ್ಟಿ ಕೊನೆಗೆ. ಕೊರಳೆಲುಬಿನಿಂದ ಎರಡು ಮೂರು ಬೆರಳು ಕೆಳಗೆ. ದೀರ್ಘ ಉಸಿರು ಎಳೆದರೆ ಬಿಗಿಯಾಗಬಾರದು.

ಬೆಲ್ಟಿನ ಕೆಳಗೆ ಏನಿದೆ ಎಂಬುದನ್ನೂ ನೋಡಿಕೊಳ್ಳಿ. ಚರ್ಮದ ಬೆಲ್ಟು, ಜೀನ್ಸಿನ ಲೋಹದ ಗುಂಡಿ, ಜೇಬಿನ ಮೊಬೈಲು, ತಾಯತ ಕಟ್ಟಿದ ಉಡಿದಾರ, ಇವೆಲ್ಲ ಸಂಜೆಯೊಳಗೆ ಚರ್ಮ ಸುಲಿಯುತ್ತವೆ. ಬೆಳ್ಳಿಯ ಉಡಿದಾರ ಅಂತೂ ಎರಡನೇ ದಿನಕ್ಕೆ ನಡೆಯಲು ಬಿಡುವುದಿಲ್ಲ. ತೆಗೆಯಲು ಮನಸ್ಸಿಲ್ಲದವರು ಅದನ್ನು ಬನಿಯನ್ನಿನ ಮೇಲೆ ಬರುವಂತೆ ಮಾಡಿ, ಬೆಲ್ಟಿಗಿಂತ ಮೇಲಕ್ಕೆ ಸರಿಸಿಕೊಳ್ಳಲಿ. ಪ್ಯಾಂಟು ಎಲಾಸ್ಟಿಕ್ಕಿನದಾದರೆ ತಾಪತ್ರಯವೇ ಇಲ್ಲ.

## ಹಂತ 6: ತುಂಬುವ ಬಗೆ

ತಳದಲ್ಲಿ ಸ್ಲೀಪಿಂಗ್ ಬ್ಯಾಗು, ರಾತ್ರಿಯ ಬಟ್ಟೆ. ಅದರ ಮೇಲೆ, ಬೆನ್ನಿಗೆ ಅಂಟಿಕೊಂಡಂತೆ, ಸೊಂಟಕ್ಕೂ ಹೆಗಲಿನ ಚಿಪ್ಪಿಗೂ ನಡುವೆ ತೂಕದ್ದೆಲ್ಲ: ಅಕ್ಕಿ, ಬೇಳೆ, ಬೆಲ್ಲ, ಕಡಲೆಚಿಕ್ಕಿ, ಗ್ಯಾಸು, ಟೆಂಟಿನ ಬಟ್ಟೆ. ಕೊಳವೆಯಿಂದ ಹೀರಿ ಕುಡಿಯುವ ನೀರಿನ ಚೀಲ ಇದ್ದರೆ ಅದೂ ಬೆನ್ನಿಗೇ. ತೂಕದ ಸಾಮಾನಿನ ಹೊರಬದಿಗೆ ಜಾಕೆಟ್ಟು ತುರುಕಿ, ಅದು ಜಾರದಂತೆ ಹಿಡಿಯುತ್ತದೆ. ಅವಲಕ್ಕಿ ಜಾಗ ತಿನ್ನುತ್ತದೆ, ತೂಗುವುದಿಲ್ಲ. ಅದು ಮೇಲೆ ಅಥವಾ ಹೊರಬದಿಗೆ ಇರಲಿ. ಮಳೆಯ ಅಂಗಿ, ಟಾರ್ಚು, ಔಷಧಿ ಎಲ್ಲಕ್ಕಿಂತ ಮೇಲಿನ ಜೇಬಿಗೆ.

ಭಾರ ಹೊರಬದಿಯ ಜೇಬಿನಲ್ಲಿದ್ದರೆ ಬ್ಯಾಗ್ ಹಿಂದಕ್ಕೆ ಎಳೆಯುತ್ತದೆ, ನೀವು ಮುಂದಕ್ಕೆ ಬಾಗುತ್ತೀರಿ, ಸಂಜೆಗೆ ಕತ್ತು ನೋವು. ಭಾರ ತೀರಾ ಮೇಲಿದ್ದರೆ ಕಲ್ಲುದಾರಿಯಲ್ಲಿ ಕಾಲಿಟ್ಟಾಗ ತಲೆದೂಗಿಸಿ ಬೀಳಿಸುತ್ತದೆ. ಒಂದು ಪಕ್ಕಕ್ಕೆ ಎರಡು ಲೀಟರ್ ನೀರು, ಇನ್ನೊಂದಕ್ಕೆ ಏನೂ ಇಲ್ಲ ಎಂಬುದು ದಿನವೂ ಕಾಣುವ ತಪ್ಪು. ಲೀಟರ್ ಲೀಟರ್ ಹಂಚಿ, ಕುಡಿಯುವಾಗಲೂ ಎರಡರಿಂದಲೂ ಕುಡಿಯಿರಿ.

ಚಾಪೆ, ಚಪ್ಪಲಿ, ಲೋಟ ಹೊರಗೆ ನೇತುಹಾಕಬೇಡಿ. ಲಾಂಟಾನಾ ಪೊದೆಗೆ ಒಂದೊಂದೂ ಸಿಕ್ಕಿಕೊಳ್ಳುತ್ತದೆ. ತುಂಬಿದ ಮೇಲೆ ಪಕ್ಕದ ಪಟ್ಟಿಗಳನ್ನು ಎಳೆದು ಹೊರೆಯನ್ನು ಫ್ರೇಮಿಗೆ ಬಿಗಿಯಿರಿ, ಹೆಚ್ಚಿನವರು ಇವನ್ನು ಮುಟ್ಟುವುದೇ ಇಲ್ಲ.

ಮಳೆಗೆ ಹೊರಗಿನ ಕವರ್ ಒಂದನ್ನೇ ನಂಬಬೇಡಿ. ಬೆನ್ನಿನ ಕಡೆ ಅದು ತೆರೆದೇ ಇರುತ್ತದೆ, ಮಲೆನಾಡಿನ ಜುಲೈ ಮಳೆ ಹೆಗಲಿನಿಂದ ಇಳಿದು ಒಳಕ್ಕೆ ಸೇರುತ್ತದೆ. ಬ್ಯಾಗಿನ ಒಳಗೇ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಸಾಮಾನನ್ನೆಲ್ಲ ಅದರೊಳಗೆ ತುಂಬಿ, ಬಾಯಿ ತಿರುಚಿ ಮಡಚಿ. ಬಟ್ಟೆ ಒಣಗಿ ಉಳಿಯುವುದಷ್ಟೇ ಅಲ್ಲ, ಒದ್ದೆಯಾದ ಸ್ಲೀಪಿಂಗ್ ಬ್ಯಾಗಿನ ಭಾರವೂ ತಪ್ಪುತ್ತದೆ. ಆ ಚೀಲವನ್ನು ಕಾಡಿನಲ್ಲಿ ಬಿಡದೆ ವಾಪಸ್ ತನ್ನಿ.

## ಹಂತ 7: ಮೆಟ್ಟಿಲ ಮೇಲೆ ಪರೀಕ್ಷೆ

ಹೊರಡುವುದಕ್ಕೆ ಮೂರು ವಾರ ಮುಂಚೆ ಶುರುಮಾಡಿ, ಬೆಲ್ಟು ಬದಲಿಸುವುದಿದ್ದರೂ ಸಮಯ ಸಿಗುತ್ತದೆ. ಮೊದಲು ಆರು ಕಿಲೋ, ಅಪಾರ್ಟ್‌ಮೆಂಟಿನ ಮೆಟ್ಟಿಲು, ಅರ್ಧ ಗಂಟೆ. ಆಮೇಲೆ ಹತ್ತು. ಕೊನೆಗೆ ಪೂರ್ತಿ ಹೊರೆ, ಟ್ರೆಕ್ಕಿಗೆ ಹಾಕುವ ಬೂಟಿನಲ್ಲೇ, ಎರಡು ಗಂಟೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲಿದೆ, ಬೆಂಗಳೂರಿನವರಿಗೆ ನಂದಿ ಬೆಟ್ಟದ ಮೆಟ್ಟಿಲುದಾರಿ. ನೀರಿನ ಬಾಟಲಿಯನ್ನೇ ಭಾರವಾಗಿ ಬಳಸಿದರೆ ಮಂಡಿ ಕೇಳದಿದ್ದಾಗ ತುದಿಯಲ್ಲಿ ಗಿಡಕ್ಕೆ ಸುರಿದು ಹಗುರಾಗಿ ಇಳಿಯಬಹುದು.

ಮೊದಲ ಇಪ್ಪತ್ತು ನಿಮಿಷ ಯಾವ ಬ್ಯಾಗೂ ಸುಖವಾಗಿಯೇ ಇರುತ್ತದೆ. ಅಂಗಡಿಯಲ್ಲಿ ಐದು ನಿಮಿಷ ಹೊತ್ತು "ಚೆನ್ನಾಗಿದೆ" ಎನ್ನುವುದಕ್ಕೆ ಬೆಲೆಯಿಲ್ಲ. ಇಳಿಸಿದ ಮೇಲೆ ಕನ್ನಡಿಯಲ್ಲಿ ಬೆನ್ನು ನೋಡಿಕೊಳ್ಳಿ: ಸೊಂಟದ ಎರಡೂ ಪಕ್ಕ ಸಮಾನ ಕೆಂಪಿದ್ದರೆ ಸರಿ. ಒಂದೇ ಕಡೆ ಕೆಂಪಿದ್ದರೆ ತುಂಬಿದ್ದು ಓರೆಯಾಗಿದೆ. ಬೆನ್ನುಮೂಳೆಯ ಬುಡದಲ್ಲಿ ರೂಪಾಯಿ ಅಗಲದ ಕೆಂಪು ಕಂಡರೆ ಫ್ರೇಮಿನ ಡೊಂಕು ಒಪ್ಪುತ್ತಿಲ್ಲ, ಅಥವಾ ಒಳಗೆ ಪಾತ್ರೆಯ ಅಂಚು ಅಲ್ಲಿಗೆ ತಾಗುತ್ತಿದೆ.

## ಹಂತ 8: ದಾರಿಯಲ್ಲಿ

ಎತ್ತುವಾಗ ಒಂದು ಭುಜದ ಪಟ್ಟಿ ಹಿಡಿದು ಎಸೆದುಕೊಳ್ಳಬೇಡಿ. ಹೊಲಿಗೆ ಬಿಡುವುದೂ, ಸೊಂಟ ಹಿಡಿಯುವುದೂ ಇದರಿಂದಲೇ. ಮೇಲಿನ ಕೈಕುಣಿಕೆ ಹಿಡಿದು ಮೊದಲು ತೊಡೆಯ ಮೇಲೆ ಇರಿಸಿ, ಒಂದು ತೋಳು ತೂರಿಸಿ, ತಿರುಗಿ ಇನ್ನೊಂದು ತೋಳು. ಬಂಡೆಯೋ ಕಟ್ಟೆಯೋ ಸಿಕ್ಕರೆ ಅದರ ಮೇಲೆ ಇಟ್ಟು ಹೊತ್ತುಕೊಳ್ಳಿ.

ಹತ್ತುವಾಗ ಲಿಫ್ಟರ್ ತುಸು ಸಡಿಲ, ಇಳಿಯುವಾಗ ಲಿಫ್ಟರ್ ಮತ್ತು ಬೆಲ್ಟು ಎರಡೂ ಬಿಗಿ. ಗಂಟೆಗೊಮ್ಮೆ ಬೆಲ್ಟು ಒಂದೆರಡು ಸೆಂಟಿಮೀಟರ್ ಬಿಗಿಯಬೇಕಾಗುತ್ತದೆ, ಮೆತ್ತೆ ಬೆವರಿಗೆ ಮೆತ್ತಗಾಗುತ್ತದೆ. ಜಾಕೆಟ್ಟು ಹಾಕಿದಾಗ, ತೆಗೆದಾಗ ಐದನೇ ಹಂತದ ಕ್ರಮವನ್ನು ಮತ್ತೆ ಮಾಡಿ. ಹೊಳೆ ದಾಟುವ ಮುಂಚೆ ಎದೆ ಪಟ್ಟಿ ಬಿಚ್ಚಿ, ಭುಜದ ಪಟ್ಟಿ ಸಡಿಲಿಸಿ, ಬೆಲ್ಟಿನ ಬಕಲ್ ಒಂದೇ ಕೈಗೆ ಬಿಚ್ಚಿಬರುತ್ತದೆಯೇ ನೋಡಿ. ಮುಂಗಾರಿನ ಕೆಂಪು ನೀರಾದರೆ ದಾಟುವುದೇ ಬೇಡ.

ಎಚ್ಚರಿಕೆಯ ಲಕ್ಷಣಗಳು

ಹೆಗಲ ಮೇಲ್ಭಾಗ ಉರಿಯುತ್ತಿದ್ದರೆ ಭುಜದ ಪಟ್ಟಿಗೆ ಕೈ ಹಾಕಬೇಡಿ, ಮೊದಲು ಬೆಲ್ಟು ನೋಡಿ, ಅದು ಜಾರಿರುತ್ತದೆ.

ಬೆರಳು ಜುಮ್ಮೆನ್ನುವುದು, ಕೈ ಮರಗಟ್ಟುವುದು: ಹೆಗಲಿನ ಮೂಲಕ ತೋಳಿಗೆ ಹೋಗುವ ನರದ ಮೇಲೆ ಪಟ್ಟಿ ಒತ್ತುತ್ತಿದೆ. ತಕ್ಷಣ ಇಳಿಸಿ, ಎದೆ ಪಟ್ಟಿ ಬಿಚ್ಚಿ, ಹೊರೆ ಕಡಿಮೆ ಮಾಡಿ. ತೋಳನ್ನು ಪಕ್ಕಕ್ಕೆ ಎತ್ತಲು ಶಕ್ತಿ ಸಾಲದಂತಾದರೆ ಆ ದಿನ ಇನ್ನು ಹೊರಬೇಡಿ. ವಿಶ್ರಾಂತಿಯ ನಂತರವೂ ಹಾಗೇ ಇದ್ದರೆ ವೈದ್ಯರಿಗೆ ತೋರಿಸಿ, "ನಾಳೆ ಸರಿಹೋಗುತ್ತದೆ" ಎಂದು ಮತ್ತೆ ಹೊತ್ತರೆ ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯಬಹುದು.

ತೊಡೆಯ ಹೊರಬದಿ ಜೋಮು ಹಿಡಿದಂತಾದರೆ, ಉರಿ ಬಂದರೆ ಬೆಲ್ಟು ತೀರಾ ಬಿಗಿ ಅಥವಾ ತೀರಾ ಕೆಳಗಿದೆ. ತೊಡೆಯ ಚರ್ಮಕ್ಕೆ ಹೋಗುವ ನರ ಅಲ್ಲೇ ಸೊಂಟದ ಮೂಳೆಯ ಮುಂಭಾಗದಲ್ಲಿ ಹಾದುಹೋಗುತ್ತದೆ. ಒಂದು ಬೆರಳು ಮೇಲಕ್ಕೆ ತನ್ನಿ.

ನಡೆಯುತ್ತಿದ್ದಂತೆ ಬ್ಯಾಗ್ ಇದ್ದಕ್ಕಿದ್ದಂತೆ ಒಂದು ಕಡೆಗೆ ವಾಲಿದರೆ ಅಥವಾ ಬೆನ್ನಿನ ಬಳಿ ಹೊಸದಾಗಿ ಕಿರುಗುಟ್ಟಿದರೆ ನಿಲ್ಲಿ. ಫ್ರೇಮಿನ ಪಟ್ಟಿ ತನ್ನ ಕಿಸೆಯಿಂದ ಹೊರಬಂದಿರಬಹುದು, ಹಾಗೇ ನಡೆದರೆ ಬಟ್ಟೆ ಹರಿದು ತುದಿ ಬೆನ್ನಿಗೆ ಚುಚ್ಚುತ್ತದೆ. ಮತ್ತೆ ಕಿಸೆಗೆ ತೂರಿಸಿ, ಬಾಯಿಗೆ ಅಗಲ ಟೇಪು ಸುತ್ತಿ.

ಬೆಲ್ಟಿನ ಬಕಲ್ ಒಡೆಯುವುದು ಎಲ್ಲಕ್ಕಿಂತ ಸಾಮಾನ್ಯ, ಬಸ್ಸಿನ ಡಿಕ್ಕಿಯಲ್ಲಿ ಯಾರದೋ ಟ್ರಂಕು ಅದರ ಮೇಲೆ ಬಿದ್ದರೆ ಸಾಕು. ಹೊಲಿಗೆಯಿಲ್ಲದೆ ತೂರಿಸಬಹುದಾದ ಒಂದು ಬಕಲ್, ನಿಮ್ಮ ಬೆಲ್ಟಿನ ಅಗಲದ್ದೇ, ಔಷಧಿಯ ಡಬ್ಬಿಯಲ್ಲಿಟ್ಟುಕೊಳ್ಳಿ. ಅಗಲ 25, 38 ಅಥವಾ 50 ಮಿ.ಮೀ. ಇರುತ್ತದೆ, ಅಳೆದು ಕೊಳ್ಳಿ. ವಿಮಾನದಲ್ಲಿ ಹೋಗುವವರು ಪಟ್ಟಿಗಳನ್ನೆಲ್ಲ ಒಳಕ್ಕೆ ಮಡಚಿ, ಬೆಲ್ಟನ್ನು ಬ್ಯಾಗಿನ ಸುತ್ತ ಹಿಂದುಮುಂದಾಗಿ ಕಟ್ಟಿ, ಇಡೀ ಬ್ಯಾಗನ್ನು ಗೋಣಿಚೀಲಕ್ಕೆ ಹಾಕಿ ಕೊಡಿ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಮನಾಲಿಯಲ್ಲೋ ಲೇಹ್‌ನಲ್ಲೋ ಕೊಳ್ಳಿ.

## ಹಂತ 9: ವಾಪಸ್ ಬಂದ ಮೇಲೆ

ಬ್ಯಾಗನ್ನು ಪೂರ್ತಿ ಖಾಲಿ ಮಾಡಿ ತಲೆಕೆಳಗಾಗಿ ಕೊಡವಿ. ಇಂಬಳ ಸಿಗುವುದು ಬೆಲ್ಟಿನ ಜೇಬಿನಲ್ಲಿ. ವಾಷಿಂಗ್ ಮಷೀನಿಗೆ ಹಾಕಬೇಡಿ. ಭುಜದ ಪಟ್ಟಿ, ಬೆಲ್ಟು, ಬೆನ್ನಿನ ಮೆತ್ತೆಗಳನ್ನು ಸಾಬೂನು ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ಬೆವರಿನ ಉಪ್ಪು ತೆಗೆದು, ನೆರಳಿನಲ್ಲಿ ಎರಡು ದಿನ ಒಣಗಿಸಿ.

ಕರಾವಳಿ, ಮಲೆನಾಡಿನವರಿಗೆ ಇಡುವುದೇ ದೊಡ್ಡ ಸಮಸ್ಯೆ. ಬಟ್ಟೆಯ ಒಳಬದಿಯ ನೀರುನಿರೋಧಕ ಲೇಪ ತೇವಕ್ಕೆ ಕರಗಿ ಅಂಟಂಟಾಗಿ, ಹುಳಿ ವಾಸನೆ ಬಂದು, ಸಿಪ್ಪೆಯಂತೆ ಏಳುತ್ತದೆ. ಒಮ್ಮೆ ಶುರುವಾದರೆ ತಡೆಯಲಾಗದು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟಕ್ಕೆ ಎಸೆದರೆ ಒಂದೆರಡು ಮಳೆಗಾಲಕ್ಕೇ ಈ ಗತಿ ಬರಬಹುದು. ಗಾಳಿಯಾಡುವ ಕಡೆ, ಗೋಡೆಗೆ ತಾಗದಂತೆ, ಜಿಪ್‌ಗಳನ್ನು ತೆರೆದಿಟ್ಟು ತೂಗುಹಾಕಿ. ಬೆಲ್ಟಿನ ಬಕಲ್ ಮಾತ್ರ ಹಾಕಿಯೇ ಇಡಿ, ಬಿಚ್ಚಿ ನೆಲದ ಮೇಲೆ ಬಿಟ್ಟ ಬಕಲ್ಲನ್ನು ಮನೆಯವರಲ್ಲಿ ಯಾರಾದರೊಬ್ಬರು ತುಳಿದೇ ತುಳಿಯುತ್ತಾರೆ.